ಟೋಪಿಯ ಒಳಗಿನ ಚರ್ಮ

ನಮ್ಮ ನಡುಮನೆಯಲ್ಲಿ ಇಪ್ಪತ್ತಮೂರು ಕಬ್ಬಿಣದ ಟೋಪಿಗಳಿವೆ. ಹಿಂದಿನ ಕಾಲದ ಸೈನಿಕರು ಹಾಕಿಕೊಳ್ಳುತ್ತಿದ್ದ ಹೆಲ್ಮೆಟ್ಟುಗಳು. ನೋಡಲು ಬಂದವರು ಮೊದಲು ಕೇಳುವುದು, ‘ನೀವು ಮಿಲಿಟರಿಯಲ್ಲಿದ್ರಾ?’ ಎಂದು. ಇಲ್ಲ. ನಾನು ಚನ್ನಪಟ್ಟಣದ ಬೊಂಬೆ ಕೆಲಸದವನು. ಹದಿನೈದನೆಯ ವಯಸ್ಸಿಗೆ ಲೇತಿನ ಮುಂದೆ ಕೂತವನು ಅರವತ್ತರ ಹತ್ತಿರ ಬಂದರೂ ಎದ್ದಿಲ್ಲ. ಎರಡನೆಯದಾಗಿ ಕೇಳುವುದು, ‘ಇದರಿಂದ ಏನು ಉಪಯೋಗ?’ ಎಂದು. ಆಗ ನನಗೆ ಸಿಟ್ಟು ಬರುತ್ತದೆ. ಅವರ ಮನೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದ ಪಿಂಗಾಣಿ ನಾಯಿಗಳಿಂದ ಏನು ಉಪಯೋಗ ಎಂದು ನಾನು ಯಾವತ್ತೂ ಕೇಳಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ. ಅದನ್ನು ಇಲ್ಲಿ ಅಲ್ಲಗಳೆಯುವುದಿಲ್ಲ.

ಇಪ್ಪತ್ತೆರಡು ಟೋಪಿಗಳನ್ನು ನಾನು ಕೇಳಿ, ಕಾಡಿ, ಬದಲಿಗೆ ಏನಾದರೂ ಕೊಟ್ಟು ತಂದಿದ್ದೇನೆ. ಇಪ್ಪತ್ತಮೂರನೆಯದು ಬೇರೆ ರೀತಿಯಲ್ಲಿ ಬಂತು. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿದ್ದು ಗುಜರಿ ಅಂಗಡಿಯಲ್ಲಿ. ನಮ್ಮ ಕೆಲಸಕ್ಕೆ ಬೇಕಾದ ಉಳಿಗಳನ್ನು ನಾವು ಅಂಗಡಿಯಲ್ಲಿ ಕೊಳ್ಳುವುದಿಲ್ಲ, ಹಳೆಯ ಅರಗಳನ್ನು ತಂದು ಸಾಣೆ ಹಿಡಿದು ಮಾಡಿಕೊಳ್ಳುತ್ತೇವೆ. ಅಂಥ ಅರ ಹುಡುಕುತ್ತಾ ರಾಶಿ ಕೆದಕುವಾಗ ತಟ್ಟೆಯಂಥ ಅಂಚಿನ ಒಂದು ಕಬ್ಬಿಣದ ಟೋಪಿ ಕೈಗೆ ಬಂತು. ತಿರುಗಿಸಿ ನೋಡಿದೆ. ಎಲ್ಲಿಯೂ ಬೆಸುಗೆ ಇಲ್ಲ, ಜೋಡಣೆ ಇಲ್ಲ. ಒಂದೇ ತಗಡನ್ನು ಒತ್ತಿ ಬಟ್ಟಲು ಮಾಡಿದ್ದಾರೆ. ಜೀವಮಾನವೆಲ್ಲ ಗುಂಡಗಿನ ವಸ್ತು ಮಾಡಿದವನಿಗೆ ಇನ್ನೊಬ್ಬರು ಮಾಡಿದ ಗುಂಡಗಿನ ವಸ್ತು ಕಂಡರೆ ಹೊಟ್ಟೆಕಿಚ್ಚೂ ಆಗುತ್ತದೆ, ಸಂತೋಷವೂ ಆಗುತ್ತದೆ. ಅರ ತರಲು ಹೋದವನು ಟೋಪಿ ಹಿಡಿದುಕೊಂಡು ಮನೆಗೆ ಬಂದೆ.

ಬಂದವನು ಮಾಡಿದ್ದೇನು? ಉಪ್ಪು ಕಾಗದ ಹಾಕಿ ಉಜ್ಜಿದೆ. ಹಳೆಯ ಹಸಿರು ಬಣ್ಣವನ್ನೆಲ್ಲ ಕಿತ್ತೆ. ಒಲೆಯ ಮೇಲೆ ಕಾಯಿಸಿ ಕೆಂಪು ಅರಗು ಬಳಿದೆ, ತಾಳೆಗರಿಯಲ್ಲಿ ಉಜ್ಜಿ ಮುಖ ಕಾಣುವ ಹಾಗೆ ಹೊಳಪು ತಂದೆ. ಮಂಕಾದ ವಸ್ತು ನಮ್ಮ ಕೈಯಿಂದ ಹೊರಗೆ ಹೋಗಬಾರದು, ಅದು ನಮ್ಮ ಕಸುಬಿನ ನಿಯಮ. ಹೆಮ್ಮೆಯಿಂದ ಅದನ್ನು ರಾಮನಗರದಲ್ಲಿರುವ ಒಬ್ಬ ನಿವೃತ್ತ ಸುಬೇದಾರರಿಗೆ ತೋರಿಸಲು ಒಯ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ‘ಇದೇನ್ರೀ, ಕುಂಕುಮದ ಭರಣಿಯೇ?’ ಎಂದರು. ಹಳೆಯ ಬಣ್ಣ, ಗೀಚು, ತಗ್ಗು, ಎಲ್ಲವೂ ಸೇರಿಯೇ ಅದು ಹೆಲ್ಮೆಟ್ಟು, ನೀವು ಬರೀ ತಗಡು ಉಳಿಸಿದ್ದೀರಿ ಎಂದು ಬೈದರು. ನನಗೆ ಬೈಯುವ ಅಭ್ಯಾಸವಿದೆಯೇ ಹೊರತು ಬೈಸಿಕೊಳ್ಳುವ ಅಭ್ಯಾಸವಿಲ್ಲ. ಎರಡು ತಿಂಗಳು ಅವರ ಕಡೆ ಹೋಗಲಿಲ್ಲ. ಆಮೇಲೆ ನಾನೇ ಹೋಗಿ, ಹಾಗಾದರೆ ಹೇಗೆ ಉಳಿಸಬೇಕು ಹೇಳಿಕೊಡಿ ಎಂದೆ.

ಅವರು ಹೇಳಿಕೊಟ್ಟದ್ದು ಸುಲಭ, ಆದರೆ ನನ್ನಂಥವನ ಕೈಗೆ ಕಷ್ಟ. ಉಜ್ಜಬಾರದು. ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಬೇಕು. ತುಕ್ಕು ಎದ್ದ ಕಡೆ ಮಾತ್ರ ಒಸಿ ಸೀಮೆಎಣ್ಣೆ ಮುಟ್ಟಿಸಿ, ಹತ್ತಿಯಲ್ಲಿ ಒತ್ತಿ ತೆಗೆಯಬೇಕು. ಮೇಲೆ ತೆಳ್ಳಗೆ ಜೇನುಮೇಣ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಸಿಲಿಗಲ್ಲ, ಗಾಳಿಗೆ ಇಡಬೇಕು. ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಬೆರಳ ಗುರುತಿನಲ್ಲೇ ತುಕ್ಕು ಏಳುತ್ತದೆ. ಇದಕ್ಕೆ ನಾನು ನನ್ನದೊಂದು ಸೇರಿಸಿದೆ: ಒಂದೊಂದು ಟೋಪಿಗೂ ಅಳತೆ ತೆಗೆದು, ನಾವು ಬೊಂಬೆಗೆ ಬಳಸುವ ಹಾಲೆ ಮರದಲ್ಲಿ ತಲೆಯಾಕಾರದ ಗುಂಡು ತಿರುವಿ, ಅದರ ಮೇಲೆ ಕೂರಿಸಿದೆ. ಅದನ್ನು ನೋಡಿ ಸುಬೇದಾರರು ಮೊದಲ ಸಲ ತಲೆಯಾಡಿಸಿದರು.

ಹೊರಗಿನ ಬಣ್ಣ ಮುಟ್ಟಬಾರದು ಎಂದು ಅವರು ಹೇಳಿದರು. ಒಳಗಿನದರ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೋಪಿಯ ಒಳಗೆ ತಲೆಗೆ ತಾಗುವಂತೆ ಒಂದು ಚರ್ಮದ ಪಟ್ಟಿ ಇರುತ್ತದೆ. ಸಿಕ್ಕಿದ ಟೋಪಿಗಳಲ್ಲಿ ಹೆಚ್ಚಿನವಕ್ಕೆ ಅದು ಇರುತ್ತಲೇ ಇರಲಿಲ್ಲ, ಇದ್ದರೂ ಒಣಗಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಐದಾರನ್ನು ಜೋಪಾನವಾಗಿ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ, ಉಳಿದದ್ದನ್ನು ಬಿಸಾಡಿ ಹೊಸ ಚರ್ಮ ಕೂರಿಸಿದ್ದೆ. ನನಗೆ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ನಮ್ಮ ಕೆಲಸದಲ್ಲಿ ಒಳಗು ಎಂದರೆ ಕಸ. ಭರಣಿಯ ಹೊಟ್ಟೆ ತೋಡಿದರೆ ಬರುವುದು ಮರದ ಹೊಟ್ಟು, ಅದು ಸಂಜೆ ಹಂಡೆ ಒಲೆಗೆ ಹೋಗುತ್ತದೆ. ಬೊಂಬೆಯನ್ನು ಯಾರೂ ಒಳಗೆ ಇಣುಕಿ ನೋಡಿ ಕೊಳ್ಳುವುದಿಲ್ಲ.

ಹಳ್ಳಿಗಳಲ್ಲಿ ಟೋಪಿಗಳು ಇರುತ್ತಿದ್ದ ಸ್ಥಿತಿ ನೋಡಿದರೆ ಯಾರಿಗಾದರೂ ಅಳು ಬರಬೇಕು, ನನಗೆ ಸಿಟ್ಟು ಬರುತ್ತಿತ್ತು. ಕನಕಪುರದಲ್ಲಿ ಒಬ್ಬರು ಅದರಲ್ಲಿ ಸುಣ್ಣ ಕಲಸುತ್ತಿದ್ದರು. ರಾಮನಗರದ ಒಂದು ನೂಲು ಬಿಚ್ಚುವ ಮನೆಯಲ್ಲಿ, ಬೆಂದ ರೇಷ್ಮೆ ಗೂಡಿನಿಂದ ಉಳಿದ ಹುಳುಗಳನ್ನು ಬಾಚಲು ಅದಕ್ಕೊಂದು ಹಿಡಿ ಬೆಸೆದಿದ್ದರು. ದೊಡ್ಡಆಲಹಳ್ಳಿಯಲ್ಲಿ ಒಂದು ಕೋಳಿ ಅದರೊಳಗೆ ಕಾವು ಕೂತಿತ್ತು. ಮೊಟ್ಟೆಗಳೆಲ್ಲ ಮರಿಯಾಗುವ ತನಕ ಕಾಯಬೇಕೆಂದು ಮನೆಯವರು ಹಟ ಹಿಡಿದರು, ಇಪ್ಪತ್ತೊಂದು ದಿನ ಬಿಟ್ಟು ಮತ್ತೆ ಹೋಗಿ ತಂದೆ. ‘ಬಾಣಂತನ ಮುಗೀತಾ?’ ಎಂದು ನನ್ನ ಹೆಂಡತಿ ಕೇಳಿದಳು.

ಗುಡೇಮಾರನಹಳ್ಳಿಯ ಟೋಪಿ ಕಂಡದ್ದು ಹಾಲೆ ಮರ ತರಲು ಹೋದಾಗ. ಕುರಿ ಸಾಕುವವರ ಮನೆ. ಹೊಲದ ಬದುವಿನ ಎರಡು ಮರ ಕಡಿದಿಟ್ಟಿದ್ದರು. ನೀರು ಕೇಳಿ ಹೊಸ್ತಿಲ ಹತ್ತಿರ ನಿಂತೆ. ಒಳಗೆ ಗೋಡೆಯ ಗೂಡಿನಲ್ಲಿ, ದೇವರ ಪಟಗಳ ಸಾಲಿನಿಂದ ಒಂದು ಮೊಳ ದೂರದಲ್ಲಿ, ಟೋಪಿ ಕೂತಿತ್ತು. ಅದರ ಹಣೆಗೆ ವಿಭೂತಿ, ನಡುವೆ ಕುಂಕುಮ. ಅಂಚು ಒಂದಿಷ್ಟೂ ಮಣಿದಿರಲಿಲ್ಲ. ಅಷ್ಟು ಒಳ್ಳೆಯ ಟೋಪಿ ನಾನು ಅದುವರೆಗೆ ನೋಡಿರಲಿಲ್ಲ. ನೀರು ಕುಡಿದದ್ದು ನೆನಪಿಲ್ಲ.

ಮನೆಯ ಮಗ ಕುರಿ ವ್ಯಾಪಾರದವನು, ನಲವತ್ತೈದರ ಆಸುಪಾಸಿನವನು. ಕೇಳಿದ ತಕ್ಷಣ ಒಪ್ಪಿಬಿಟ್ಟ. ‘ತಕಂಡೋಗಣ್ಣ, ನಮ್ಗೇನ್ ಮಾಡದು ಅದು?’ ಎಂದ. ಒಳಗಿನಿಂದ ಅವನ ತಾಯಿ ಬಂದರು. ಎಂಬತ್ತರ ಹತ್ತಿರದ ಜೀವ, ಬೆನ್ನು ಬಾಗಿದ್ದರೂ ದನಿ ಬಾಗಿರಲಿಲ್ಲ.

‘ಲೇ, ಕೊಡಾಕೆ ನಿಮ್ಮಪ್ಪುಂದೇನ್ಲಾ ಅದು?’ ಎಂದು ಮಗನನ್ನು ಗದರಿ, ನನ್ನ ಕಡೆ ತಿರುಗಿ, ‘ಅದ್ನ ಕೊಡಾಕಿಲ್ಲ ಕಣಪ್ಪ. ನಮ್ಮಣ್ಣಯ್ಯುಂದು ಅದು. ಮರ ತಾನೆ ನೀನು ಬಂದಿದ್ದು, ಮರ ತಕಂಡೋಗು’ ಎಂದರು.

ಅವರ ಅಣ್ಣನ ಕತೆ ಒಂದೇ ಸಲಕ್ಕೆ ಗೊತ್ತಾಗಲಿಲ್ಲ. ನಾನು ಹಟಮಾರಿ, ಮೂರು ವರ್ಷ ಮರದ ನೆಪದಲ್ಲಿ ಹೋಗುತ್ತಲೇ ಇದ್ದೆ. ಹೋದಾಗಲೆಲ್ಲ ಟೋಪಿ ಕೇಳುವುದು, ಅವರು ಇಲ್ಲ ಎನ್ನುವುದು, ರಾಗಿ ರೊಟ್ಟಿ ಕೊಡುವುದು, ಸ್ವಲ್ಪ ಕತೆ ಹೇಳುವುದು. ಅಣ್ಣ ಹರೆಯದಲ್ಲಿ ಸೈನ್ಯಕ್ಕೆ ಸೇರಿದ್ದನಂತೆ. ಕೆಲವು ವರ್ಷಕ್ಕೆ ಬಿಡುಗಡೆಯಾಗಿ ಬಂದವನ ಟ್ರಂಕಿನಲ್ಲಿ ಈ ಟೋಪಿ ಇತ್ತು. ಸಾವನದುರ್ಗದ ತಪ್ಪಲಿನಲ್ಲಿ ಕುರಿ ಮೇಯಿಸಲು ಹೋಗುವಾಗಲೂ ಅದನ್ನೇ ಹಾಕಿಕೊಂಡು ಹೋಗುತ್ತಿದ್ದ. ಆಲಿಕಲ್ಲು ಬಿದ್ದರೆ ಊರವರೆಲ್ಲ ಓಡುವಾಗ ಇವನು ಬಯಲಲ್ಲಿ ನಿಂತು ನಗುತ್ತಿದ್ದನಂತೆ. ಮದುವೆಗೆ ಮನಸ್ಸು ಮಾಡಲಿಲ್ಲ. ಅದಕ್ಕೇ ತಂಗಿಯ ಗಂಡ ಮನೆ ಅಳಿಯನಾಗಿ ಬಂದ. ಒಂದು ಬೇಸಿಗೆ, ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ಕೂರಿಸಲು ದೂರದ ಊರುಗಳಿಗೆ ಕುರಿ ಹೊಡೆದುಕೊಂಡು ಹೋದವನು ಜ್ವರ ಬಂದು ಅಲ್ಲೇ ತೀರಿಕೊಂಡ. ಜೊತೆಯವರು ಅಲ್ಲೇ ಮಣ್ಣು ಮಾಡಿ, ಕುರಿ ಮತ್ತು ಟೋಪಿ ತಂದು ಒಪ್ಪಿಸಿದರು.

‘ಫೋಟ ಇಲ್ಲ. ಮುಖ ನೋಡ್ಲಿಲ್ಲ. ಎಲ್ಲಿ ಊಣುದ್ರೋ ಆ ಜಾಗ ಇವತ್ಗೂ ಗೊತ್ತಿಲ್ಲ. ಹಿರೀಕ್ರ ಹಬ್ದಲ್ಲಿ ಇದ್ರ ಮುಂದ್ಕೇ ಎಡೆ ಇಡೋದು’ ಎಂದರು.

ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಎಡೆ ಇಟ್ಟು, ಹೊಸ ಬಟ್ಟೆ ಇಟ್ಟು, ಅವರು ಉಂಡರು ಎಂದುಕೊಂಡ ಮೇಲೆಯೇ ಮನೆಯವರು ಉಣ್ಣುವುದು. ಎಡೆ ಏಳುವ ತನಕ ಮಕ್ಕಳಿಗೂ ಒಂದು ವಡೆ ಸಿಗುವುದಿಲ್ಲ. ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಸಲ ಮತ್ತೆ ಕೇಳಿದೆ. ಅಷ್ಟು ಆಸೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಮಗನೇ ಫೋನು ಮಾಡಿದ. ಹೆಂಚು ಒಡೆದು ಗೂಡಿಗೆ ನೀರು ಇಳಿದಿದೆ, ಟೋಪಿ ತುಕ್ಕು ಹಿಡಿಯುತ್ತಿದೆ, ಅವ್ವ ಕರೆಯುತ್ತಿದ್ದಾರೆ ಎಂದ. ಆ ಮಧ್ಯಾಹ್ನವೇ ಹೋದೆ. ಅಂಚಿನ ಹತ್ತಿರ ತುಕ್ಕು ಪದರ ಪದರವಾಗಿ ಎದ್ದಿತ್ತು. ಹೀಗೇ ಬಿಟ್ಟರೆ ಎರಡು ಮಳೆಗಾಲ ತಡೆಯುತ್ತಿರಲಿಲ್ಲ.

‘ನೀನು ಇವ್ನೆಲ್ಲ ಉಳುಸ್ತೀಯಂತಲ್ಲಪ್ಪ. ಇದ್ನೂ ಉಳ್ಸು. ಹಬ್ಬುಕ್ಕೆ ತಂದ್ಕೊಟ್ಬುಡು. ಆದ್ರೆ ಹೋದಂಗೇ ಬರ್ಬೇಕು, ಬೇರೆ ಮಾಡ್ಬ್ಯಾಡ’ ಎಂದರು.

‘ಹೋದ ಹಾಗೇ ಬರುತ್ತವ್ವ’ ಎಂದೆ. ಅವರು ಟೋಪಿಯನ್ನು ತಮ್ಮ ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಮಾತು ಕೊಡುವಾಗ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಆ ಟೋಪಿಗೆ ಮಾಡಿದಷ್ಟು ನಾಜೂಕಿನ ಕೆಲಸವನ್ನು ನಾನು ಯಾವುದಕ್ಕೂ ಮಾಡಿಲ್ಲ. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ತುಕ್ಕಿದ್ದಲ್ಲಿ ಮಾತ್ರ ಒತ್ತಿ ಒತ್ತಿ ತೆಗೆದೆ. ಹಣೆಯ ಮೇಲಿನ ವಿಭೂತಿ ಕುಂಕುಮ ವರ್ಷಗಟ್ಟಲೆ ಪದರ ಕಟ್ಟಿ ರೊಟ್ಟಿಯ ದಪ್ಪಕ್ಕೆ ನಿಂತಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಕೊಳೆ ಎಂದು ತೊಳೆಯುತ್ತಿದ್ದರು. ನಾನು ಒಂದು ಚೂರೂ ಉದುರಿಸಲಿಲ್ಲ. ಸುಬೇದಾರರು ಬಂದು ನೋಡಿ, ‘ಈಗ ನಿಮಗೆ ಕೆಲಸ ಬಂತು ಕಣ್ರೀ’ ಎಂದರು. ಆ ಮಾತಿಗೆ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಒಳಗಿನ ಚರ್ಮದ ಪಟ್ಟಿ ವಿಚಿತ್ರವಾಗಿತ್ತು. ಬೇರೆ ಟೋಪಿಗಳಲ್ಲಿ ಒಣಗಿ ಮುರಿಯುವ ಚರ್ಮ ಇದರಲ್ಲಿ ಕಪ್ಪಗೆ, ಮೆತ್ತಗೆ, ಜಿಡ್ಡು ಜಿಡ್ಡಾಗಿತ್ತು. ಹರಳೆಣ್ಣೆಯ ಕಮಟು ವಾಸನೆ. ಒಂದು ಕಡೆ ಬೂಸಲು ಬಂದಿತ್ತು. ದೀಪದ ಎಣ್ಣೆ ಚೆಲ್ಲಿಕೊಂಡಿರಬೇಕು, ಈ ಜಿಡ್ಡೇ ಒಳಗಿನಿಂದ ಧೂಳು ಹಿಡಿದು ತಗಡು ತಿನ್ನುತ್ತದೆ ಎಂದುಕೊಂಡೆ. ಬಿಚ್ಚಿದೆ. ಮೇಕೆ ಚರ್ಮದ ಹೊಸ ಪಟ್ಟಿ ಕತ್ತರಿಸಿ, ಅದೇ ತೂತುಗಳಿಗೆ ಸರಿಯಾಗಿ ಹೊಲಿದು ಕೂರಿಸಿದೆ. ಹಳೆಯದನ್ನು ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ, ಅಷ್ಟು ಜಿಡ್ಡು. ಸಂಜೆ ಲೇತಿನ ಕೆಳಗಿನ ಹೊಟ್ಟಿನ ಜೊತೆ ಅದೂ ಮೊರಕ್ಕೆ ಹೋಯಿತು. ನನ್ನ ಹೆಂಡತಿ ಹಂಡೆ ಒಲೆಗೆ ಹಾಕಿದಳು. ಚರ್ಮ ಸುಟ್ಟ ವಾಸನೆ ಬಚ್ಚಲಿಂದ ಅಡುಗೆಮನೆಯ ತನಕ ಹರಡಿ, ‘ಥೂ, ಏನ್ರೀ ಹಾಕಿದ್ರಿ ಇದ್ರಲ್ಲಿ?’ ಎಂದು ಬೈದಳು. ಆ ನೀರಿನಲ್ಲೇ ನಾನು ಸ್ನಾನ ಮಾಡಿದೆ.

ಜೇನುಮೇಣ ಸರಿಯಾಗಿ ಒಣಗಲಿ ಎಂದು ಕಾದು ಕಾದು, ಕೊನೆಗೆ ಹಬ್ಬದ ದಿನ ಬೆಳಗ್ಗೆಯೇ ಗುಡೇಮಾರನಹಳ್ಳಿಗೆ ಹೊರಟೆ. ನಮ್ಮ ಮನೆಯಲ್ಲೂ ಎಡೆ ಇಡುವುದಿತ್ತು. ಮಧ್ಯಾಹ್ನದೊಳಗೆ ಬರದಿದ್ದರೆ ನಿಮ್ಮಪ್ಪನಿಗೆ ನಾನು ಜವಾಬು ಹೇಳುವುದಿಲ್ಲ ಎಂದು ಹೆಂಡತಿ ಎಚ್ಚರಿಸಿಯೇ ಕಳಿಸಿದಳು. ಬೈಕಿನಲ್ಲಿ ಒಂದೂವರೆ ಗಂಟೆಯ ದಾರಿ.

ಅವರ ಮನೆಯಲ್ಲಿ ಮಾಂಸದ ಸಾರು ಕುದಿಯುತ್ತಿತ್ತು. ಗೂಡನ್ನು ಸುಣ್ಣ ಹೊಡೆದು ಸಿದ್ಧ ಮಾಡಿದ್ದರು. ಅವ್ವ ಟೋಪಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ‘ಕುಂಕ್ಮ ಹಂಗೇ ಐತಲ್ಲೋ! ತುಕ್ಕೆಲ್ಲ ಹೋಗೈತೆ’ ಎಂದು ಮಗನಿಗೆ ತೋರಿಸಿದರು. ನನ್ನ ಗಲ್ಲ ಮುಟ್ಟಿ ನೆಟಿಗೆ ತೆಗೆದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಅಲ್ಲೇ ಕಂಬಕ್ಕೆ ಒರಗಿ ಕೂತೆ.

ಆಮೇಲೆ ಅವರು ಒಳಗೆ ಹೋಗಿ ಒಂದು ಬಟ್ಟಲಲ್ಲಿ ಹರಳೆಣ್ಣೆ ತಂದರು. ಟೋಪಿಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡು, ಒಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

‘ಇದ್ಯಾವ್ದಪ್ಪ?’

‘ಹೊಸ ಚರ್ಮ ಅವ್ವ. ಮೇಕೆದು, ಮೆತ್ತಗಿದೆ. ಹಳೇದು ಬೂಸಲು ಬಂದಿತ್ತು.’

‘ಹಳೇದೆಲ್ಲಿ?’

ನಾನು ಕಂಬ ಬಿಟ್ಟು ನೆಟ್ಟಗೆ ಕೂತೆ. ಅವರೇ ಮಾತು ಮುಂದುವರಿಸಿದರು. ನನಗೆ ಹೇಳಿದ್ದೋ ಮಗನಿಗೆ ಹೇಳಿದ್ದೋ ತಿಳಿಯದು. ಮಗನಿಗೂ ಅದು ಗೊತ್ತಿರಲಿಲ್ಲವೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಹಬ್ಬದ ದಿನ ತಲೆಗೆ ಎಣ್ಣೆ ಹಾಕದೆ ಯಾರನ್ನಾದರೂ ಊಟಕ್ಕೆ ಕೂರಿಸುತ್ತಾರೆಯೇ? ಚಿಕ್ಕವಳಾಗಿದ್ದಾಗಿನಿಂದ ಅಣ್ಣನ ತಲೆಗೆ ಎಣ್ಣೆ ಹಾಕುತ್ತಿದ್ದದ್ದು ತಾನೇ. ಅವನ ತಲೆ ಮುಟ್ಟಿದ್ದು, ಅವನ ಬೆವರು ಕುಡಿದದ್ದು ಆ ಚರ್ಮವೊಂದೇ. ಅದಕ್ಕೇ ಎಲ್ಲರೂ ಹೊರಗಿರುವಾಗ ಕದ ಮುಂದೆ ಮಾಡಿಕೊಂಡು ಪ್ರತಿ ಹಬ್ಬಕ್ಕೂ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಯಾರಾದರೂ ನಕ್ಕಾರು ಎಂದು ಹೇಳಿರಲಿಲ್ಲ. ಈಗ ವಯಸ್ಸಾಯಿತು, ಕದ ಹಾಕುವ ಹಂಗು ಯಾಕೆ ಎಂದು ನಮ್ಮೆದುರಿಗೇ ಕೂತಿದ್ದರು.

‘ಮನೇಲಿದೆ’ ಎಂದೆ. ಅದು ಬಾಯಿಂದ ತಾನಾಗಿ ಬಂದ ಸುಳ್ಳು.

‘ಹಂಗಾರೆ ಹೋಗ್ ತಗಂಬಾ. ಅಲ್ಲೀಗಂಟ ಎಡೆ ಇಡಾಕಿಲ್ಲ’ ಎಂದು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟರು.

ಹೊರಗೆ ಬಂದು ಬೈಕಿನ ಮೇಲೆ ಕೂತೆ. ನನ್ನ ಡಬ್ಬಿಯಲ್ಲಿ ಬೇರೆ ಟೋಪಿಗಳ ಹಳೆಯ ಚರ್ಮ ಐದಾರು ಇದ್ದವು. ಒಂದಕ್ಕೆ ಹರಳೆಣ್ಣೆ ಕುಡಿಸಿ, ಒಲೆಯ ಮಸಿ ಒರೆಸಿ ತಂದುಕೊಟ್ಟರೆ ಎಂಬತ್ತರ ಕಣ್ಣಿಗೆ, ಬೆರಳಿಗೆ ತಿಳಿಯುತ್ತಿರಲಿಲ್ಲವೇನೋ. ಹೊಸದನ್ನು ಹಳೆಯದರಂತೆ ಕಾಣಿಸುವುದು ನನ್ನ ಕೈಗೆ ಕಷ್ಟದ ಕೆಲಸವೂ ಅಲ್ಲ. ಯೋಚಿಸಿದೆ, ಯೋಚಿಸಲಿಲ್ಲ ಎನ್ನುವುದಿಲ್ಲ. ಆದರೆ ಯಾರೋ ಒಬ್ಬ ಸೈನಿಕನ ತಲೆಗೆ ಆಕೆ ಅಣ್ಣನೆಂದು ಎಣ್ಣೆ ಹಚ್ಚುವುದು, ಅದನ್ನು ನಾನು ಕಂಬಕ್ಕೆ ಒರಗಿ ನೋಡುವುದು ನೆನೆಸಿಕೊಂಡು ಅಸಹ್ಯವಾಯಿತು. ನನ್ನ ಮೇಲೆಯೇ ಅಸಹ್ಯ. ಬೀಗದ ಕೈ ಜೇಬಿಗೆ ಹಾಕಿಕೊಂಡು ಮತ್ತೆ ಒಳಗೆ ಹೋದೆ.

‘ಅವ್ವ, ಸುಳ್ಳು ಹೇಳಿದೆ. ಅದಿಲ್ಲ. ಕಸ ಅಂತ ಹಂಡೆ ಒಲೆಗೆ ಹೋಯ್ತು. ಸುಟ್ಟುಹೋಯ್ತು.’

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಟೋಪಿಯ ಅಂಚು ಹಿಡಿದುಕೊಂಡು ಕೂತಿದ್ದರು. ಮಗ, ‘ಬುಡವ್ವ, ಹಳೇ ಚಕ್ಳ ಅದು’ ಎಂದ. ಅವನ ಕಡೆ ತಿರುಗಿಯೂ ನೋಡಲಿಲ್ಲ.

‘ನಮ್ಮೋರ್ನ ಸುಡಾಕಿಲ್ಲ ಕಣಪ್ಪ. ಮಣ್ಗೆ ಮಡಗ್ತೀವಿ’ ಎಂದರು.

ನಮ್ಮವರನ್ನೂ ನಾವು ಹೂಳುತ್ತೇವೆ. ನಮ್ಮಪ್ಪನಿಗೆ ಮೂರು ಹಿಡಿ ಮಣ್ಣು ಹಾಕಿದವನು ನಾನೇ. ಆ ತಂಗಿಗೆ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಸಿಕ್ಕಿರದ ಅಣ್ಣನಲ್ಲಿ ಉಳಿದಿದ್ದಷ್ಟನ್ನು ನಾನು ಒಲೆಗೆ ಹಾಕಿದ್ದೆ.

ಆಮೇಲೆ ಅವರೇ ಕೇಳಿದರು. ‘ಬೂದಿ ಏನ್ಮಾಡುದ್ರಿ?’

‘ಹಂಡೆ ಒಲೆ ಬೂದಿ ನಾವು ಹಿತ್ತಲ ತೆಂಗಿನ ಬುಡಕ್ಕೆ ಹಾಕ್ತೀವಿ ಅವ್ವ.’

‘ಹಾಕಿದ್ದು ದಿಟ್ವಾ? ಇಲ್ಲ ಇದೂ ಸುಳ್ಳಾ?’

‘ದಿನಾ ಹಾಕೋದೇ. ನಮ್ಮಪ್ಪನ ಕಾಲದಿಂದ.’

‘ಒಂದೇ ಮರುಕ್ಕಾ?’

‘ಇರೋದೇ ಒಂದು ಮರ.’

ಅವರು ಟೋಪಿಯನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟರು. ಗೋಡೆ ಹಿಡಿದು ಎದ್ದು ನಿಂತರು. ‘ಹಂಗಾರೆ ಮಣ್ಗೆ ಸೇರವ್ನೆ. ನಿಮ್ಮನೇಲವ್ನೆ’ ಎಂದರು. ಮಗನಿಗೆ, ‘ಗಾಡಿ ತಗಿಯೋ’ ಎಂದರು.

ಮಗನಿಗೆ ಅರ್ಥವಾಗಲಿಲ್ಲ. ನನಗೂ ತಕ್ಷಣ ಆಗಲಿಲ್ಲ. ಅವರಿಗೆ ಯಾವ ಅನುಮಾನವೂ ಇರಲಿಲ್ಲ. ಐವತ್ತು ವರ್ಷದಿಂದ ಅಣ್ಣನನ್ನು ಹೂಳಿದ ಜಾಗ ಗೊತ್ತಿರಲಿಲ್ಲ, ಈಗ ಒಂದು ಜಾಗ ಗೊತ್ತಾಗಿದೆ, ಎಡೆ ಇಡಬೇಕಾದದ್ದು ಈ ಗೂಡಿನ ಮುಂದಲ್ಲ, ಆ ಮರದ ಬುಡದಲ್ಲಿ. ಸೊಸೆ ಗೊಣಗಿದಳು, ಮಕ್ಕಳು ಹಸಿವು ಎಂದವು. ‘ಅವ್ನೂ ಉಂಡಿಲ್ಲ’ ಎಂದು ಅವರ ಬಾಯಿ ಮುಚ್ಚಿಸಿದರು. ಕುರಿ ಸಾಗಿಸುವ ಗೂಡ್ಸ್ ಆಟೊಗೆ ಸಾರಿನ ಪಾತ್ರೆ, ಮುದ್ದೆಯ ಹಿಟ್ಟು ಕಟ್ಟಿದ ಗಂಟು, ವಡೆ, ಪಾಯಸ, ಹೊಸ ಪಂಚೆ, ಬೀಡಿ ಕಟ್ಟು ಎಲ್ಲವನ್ನೂ ಏರಿಸಿದರು. ಅವ್ವ ಎಣ್ಣೆಯ ಬಟ್ಟಲನ್ನು ಯಾರ ಕೈಗೂ ಕೊಡದೆ ತಾವೇ ಹಿಡಿದು ಮುಂದೆ ಕೂತರು.

‘ಟೋಪಿ ಅವ್ವ?’ ಎಂದೆ.

‘ಅದ್ನ ಮಡೀಕಂಡು ನಾನೇನ್ ಮಾಡ್ಲಿ? ಕಬ್ಣ ಅದು. ಮೂರೊರ್ಸದಿಂದ ಕೇಳ್ತಿದ್ಯಲ್ಲ, ತಕೊ.’

ಮೂರು ವರ್ಷ ಬೇಡಿದ್ದನ್ನು ಅವರು ಹಾಗೆ ಕೊಟ್ಟರು. ಬೇಡ ಎನ್ನುವುದಕ್ಕೆ ನನಗೆ ಮುಖವಿರಲಿಲ್ಲ. ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಮುಂದೆ ಹೊರಟೆ, ಆಟೊ ಹಿಂದೆ ಬಂತು. ಮಾಗಡಿ ದಾಟಿ, ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುವಾಗ ಹೊತ್ತು ಎರಡು ದಾಟಿತ್ತು.

ಬಾಗಿಲಲ್ಲಿ ಬೈಯಲು ಸಿದ್ಧಳಾಗಿ ನಿಂತಿದ್ದ ನನ್ನ ಹೆಂಡತಿ ಆಟೊ ತುಂಬ ಜನ ನೋಡಿ ಸುಮ್ಮನಾದಳು. ನಾನು ನಿಂತ ನಿಲುವಿನಲ್ಲಿ ಎಲ್ಲ ಹೇಳಿದೆ. ಅವಳು ಬಂದು ಅವ್ವನ ಕೈ ಹಿಡಿದು ಇಳಿಸಿದಳು. ‘ಒಲೆಗೆ ಹಾಕಿದ್ದು ನಾನವ್ವ. ಅವರೊಬ್ಬರೇ ಅಲ್ಲ’ ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲಿರಬೇಕು.

ತೆಂಗಿನ ಬುಡವನ್ನು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆ ಎಳೆದಳು. ಬಾಳೆಲೆ ಹಾಸಿದರು. ಎಡೆ ಬಡಿಸುವ ಮೊದಲು ಅವ್ವ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೂದಿ ಬೆರೆತ ಮಣ್ಣಿನ ಮೇಲೆ ಎಣ್ಣೆ ಹನಿಸಿ, ಅಂಗೈಯಲ್ಲಿ ಮೆಲ್ಲಗೆ ತಟ್ಟಿದರು. ಯಾರೂ ನಗಲಿಲ್ಲ. ಮೊಮ್ಮಕ್ಕಳು ಕೂಡ ಹಸಿವು ಮರೆತು ನೋಡುತ್ತಿದ್ದವು.

ಸ್ವಲ್ಪ ಎಣ್ಣೆ ಬಟ್ಟಲಲ್ಲಿ ಉಳಿಸಿ ನನ್ನನ್ನು ಕರೆದರು.

‘ನಂಗಿನ್ನೆಷ್ಟೊರ್ಸವೋ. ನಾನಿಲ್ದಿದ್ ವರ್ಸ ನೀನೇ ಹಾಕ್ಬೇಕು. ಬರೀ ಎಡೆ ಇಟ್ಬುಟ್ಟು ಕೈ ತೊಳ್ಕಬ್ಯಾಡ.’

‘ಆಯ್ತವ್ವ.’

‘ಹೆಂಗಾಕ್ತೀಯ? ತೋರ್ಸು.’

ನಾನು ಮಂಡಿಯೂರಿ ಕೂತು ಅಂಗೈಗೆ ಎಣ್ಣೆ ಸುರಿದುಕೊಂಡೆ. ನಲವತ್ತು ವರ್ಷಕ್ಕೂ ಮೇಲೆ ಮರ ಉಜ್ಜಿದ ಕೈ, ಅದಕ್ಕೆ ಗೊತ್ತಿರುವುದು ಒಂದೇ ರೀತಿ. ಮಣ್ಣಿನ ಮೇಲೆ ಇಟ್ಟು ಎರಡು ಸಲ ಎಳೆದೆ.

‘ಮೆತ್ಗೆ ಕಣಪ್ಪ, ಮೆತ್ಗೆ’ ಎಂದು ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡರು. ‘ತಲೆ ಅದು.’